ಅಳತೆ ಜಂಪರ್ ಒಪ್ಪದ ಅಕ್ಕ

ಕುಷ್ಟಗಿಯ ಬಸ್ ನಿಲ್ದಾಣದ ಎದುರು ಸಾಲಿನಲ್ಲಿ ಆ ಅಕ್ಕನ ಹೊಲಿಗೆ ಅಂಗಡಿ ಇತ್ತು. ಈಗ ಅಲ್ಲಿ ಮೊಬೈಲ್ ರಿಪೇರಿಯವನು ಕೂತಿದ್ದಾನೆ. ಮೊನ್ನೆ ಚಾರ್ಜರ್ ಕೊಳ್ಳಲು ಒಳಗೆ ಕಾಲಿಟ್ಟವಳು ನನಗೇ ಗೊತ್ತಿಲ್ಲದೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಸ್ವಲ್ಪ ಅಗಲಿಸಿ ನಿಂತುಬಿಟ್ಟೆ. ಈ ಹೆಂಗಸಿಗೆ ಏನಾಯಿತು ಎಂದು ಅಂಗಡಿಯವನು ಪಿಳಿಪಿಳಿ ನೋಡಿದ. ಆ ಹೊಸ್ತಿಲು ದಾಟಿದ ಹೆಣ್ಣುಮಗಳು ಹಾಗೆ ನಿಲ್ಲದೆ ಗತಿಯೇ ಇರಲಿಲ್ಲ ಎಂದು ಅವನಿಗೆ ಹೇಗೆ ಹೇಳುವುದು? ಹೆಗಲು ಮುಂದಕ್ಕೆ ಬಾಗಿಸಿ, ಸೆರಗು ಎದೆಗೆ ಅವುಚಿಕೊಂಡು ಮುದುಡಿ ನಿಂತವರನ್ನು ಕಂಡರೆ ಅಕ್ಕನಿಗೆ ಮೈ ಉರಿಯುತ್ತಿತ್ತು. ಕೊರಳಿನ ಟೇಪು ಕೈಗೆ ಬರುವ ಮೊದಲೇ ಬೆನ್ನಿನ ಮೇಲೆ ಒಂದು ಏಟು ಬಿದ್ದಿರುತ್ತಿತ್ತು.

"ನೆಟ್ಟಗ ನಿಂದ್ರು. ಬಗ್ಗಿ ನಿಂತ್ರ ಅಳತಿ ತಪ್ಪತೈತಿ."

ಸಾಹುಕಾರರ ಸೊಸೆ, ಸಾಲೆಯ ಟೀಚರು, ಕೂಲಿಗೆ ಹೋಗುವವಳು ಎಂಬ ಭೇದ ಆ ಏಟಿಗೆ ಇರಲಿಲ್ಲ. ನಾನೂ ತಿಂದಿದ್ದೇನೆ. ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ತುಂಬು ವಯಸ್ಸು, ಮಧ್ಯಾಹ್ನ ಉಂಡು ಮಲಗಿದವರು ಏಳಲಿಲ್ಲ. ಅಂಥ ಸಾವಿಗೆ ಅಳುವುದು ಕಷ್ಟ. ಅವರಂಥವರಿಗಾಗಿ ಅಳುವುದು ಇನ್ನೂ ಕಷ್ಟ, ಎಲ್ಲಿ ಎದ್ದು ಕೂತು ಬೈಯುತ್ತಾರೋ ಅನ್ನಿಸುತ್ತದೆ. ಅದಕ್ಕೇ ಅಳುವ ಬದಲು ಬರೆಯಲು ಕೂತಿದ್ದೇನೆ. ಅದೂ ಮುಖ್ಯವಾಗಿ ನೀಲವ್ವನ ಸಂಗತಿಯನ್ನು. ನೀಲವ್ವ ಇವತ್ತು ಬದುಕಿ ಓಡಾಡಿಕೊಂಡಿರುವುದು ಡಾಕ್ಟರರ ಕತ್ತರಿಯಿಂದ ಎಷ್ಟೋ, ಅಷ್ಟೇ ಇವರ ಕತ್ತರಿಯಿಂದ.

ಹೆಸರು ಬರೆಯುವುದಿಲ್ಲ. ಬರೆದರೂ ಆ ಕಡೆಯವರಿಗೇ ಗುರುತು ಹತ್ತುವುದಿಲ್ಲ. ಎಲ್ಲರಿಗೂ ಅವರು ಜಂಪರಕ್ಕ. ರವಿಕೆಗೆ ನಮ್ಮಲ್ಲಿ ಜಂಪರ್ ಅನ್ನುವುದು. ಎತ್ತರದ, ತೆಳ್ಳನೆಯ ಆಳು. ಗಂಡ ಬೇಗ ಹೋಗಿದ್ದ, ಮಕ್ಕಳಿರಲಿಲ್ಲ, ಮಷೀನು ಇತ್ತು. ತುಟಿಗಳ ನಡುವೆ ಬಟ್ಟೆಗೆ ಚುಚ್ಚುವ ಟಾಚಣಿ ಕಚ್ಚಿಕೊಂಡೇ ಮಾತಾಡುತ್ತಿದ್ದರು, ಬೈಯುತ್ತಿದ್ದರು, ನಗುತ್ತಲೂ ಇದ್ದರು. ಟಾಚಣಿ ತೆಗೆದು ಮಾತಾಡಿದರೆಂದರೆ ವಿಷಯ ಗಂಭೀರ ಎಂದು ತಿಳಿದುಕೊಳ್ಳಬೇಕು. ವಿನಯ ಎಂಬುದು ಅವರ ಹತ್ತಿರ ಚಿಂದಿಯಷ್ಟೂ ಇರಲಿಲ್ಲ. ತಾವು ಹೊಲಿದ ಜಂಪರ್ ತೊಟ್ಟು ಯಾರಾದರೂ ಎದುರಿಗೆ ಬಂದರೆ ಹಿಂದೆ ತಿರುಗಿಸಿ, ಮುಂದೆ ತಿರುಗಿಸಿ, ತಾವೇ ಮೆಚ್ಚಿಕೊಂಡು ಕಳಿಸುತ್ತಿದ್ದರು.

ಒಂದು ಹಟ ಮಾತ್ರ ವಿಪರೀತ. ನಮ್ಮ ಹಳ್ಳಿಗಳಲ್ಲಿ ಹೆಂಗಸರು ಟೇಲರ್ ಅಂಗಡಿಗೆ ತಾವಾಗಿ ಹೋಗುವುದು ಕಡಿಮೆ. ಸರಿಯಾಗಿ ಕೂರುವ ಒಂದು ಹಳೆಯ ಜಂಪರನ್ನು ಹೊಸ ಬಟ್ಟೆಯ ಜೊತೆ ಸುತ್ತಿ, ಸಂತೆಗೆ ಹೋಗುವವರ ಕೈಯಲ್ಲಿ ಕಳಿಸಿಬಿಡುತ್ತಾರೆ. ಅದಕ್ಕೆ ಅಳತೆ ಜಂಪರ್ ಎಂದು ಹೆಸರು. ಅದನ್ನು ನೋಡಿ ಟೇಲರ್ ಹೊಲಿದು ಕೊಡುತ್ತಾನೆ. ಊರೆಲ್ಲ ಒಪ್ಪುವ ಈ ಪದ್ಧತಿಯನ್ನು ಇವರೊಬ್ಬರು ಒಪ್ಪುತ್ತಿರಲಿಲ್ಲ. ನಾನು ಮೊದಲ ಸಲ ಹೋದಾಗ ಚೀಲದಿಂದ ಅಳತೆ ಜಂಪರ್ ತೆಗೆದು ಮೇಜಿನ ಮೇಲಿಟ್ಟೆ. ಅದನ್ನು ಎರಡು ಬೆರಳಲ್ಲಿ ಎತ್ತಿ ನನ್ನ ಚೀಲಕ್ಕೇ ವಾಪಸು ಹಾಕಿದರು.

"ಹಳೇ ಜಂಪರ್ ಹೋದ ವರ್ಷದ ಮೈ ಹೇಳತೈತಿ. ನನಗ ಇವತ್ತಿನ ಮೈ ಬೇಕು."

ಆಮೇಲೆ ಆ ಏಟು. ಅಳತೆ ತೆಗೆಯುತ್ತ ನನ್ನ ಉದ್ಯೋಗ ಕೇಳಿದರು. ಹೇಳಿದೆ. ಕೊಪ್ಪಳದ ಒಂದು ಸಂಸ್ಥೆಯ ಗಾಡಿ ಇದೆ. ಅದರೊಳಗೆ ಹೆಂಗಸರ ಎದೆಯ ಚಿತ್ರ ತೆಗೆಯುವ ಯಂತ್ರ. ಒಬ್ಬರು ಲೇಡಿ ಡಾಕ್ಟರು, ಒಬ್ಬ ನರ್ಸು, ಯಂತ್ರಕ್ಕೆ ನಾನು. ಗಂಟು ಕೈಗೆ ಸಿಗುವ ಮೊದಲೇ ಚಿತ್ರದಲ್ಲಿ ಕಂಡರೆ ಕ್ಯಾನ್ಸರನ್ನು ಅಲ್ಲೇ ಹಿಡಿದು ಹಾಕಬಹುದು, ಅದಕ್ಕೇ ತಾಲೂಕು ತಾಲೂಕು ತಿರುಗುತ್ತೇವೆ ಎಂದೆ. ಬರುವವರು ಮಾತ್ರ ಇಲ್ಲ ಎಂದೂ ಹೇಳಿಕೊಂಡೆ, ಯಾಕೆಂದರೆ ಆ ದಿನಗಳಲ್ಲಿ ನನ್ನ ಹೊಟ್ಟೆಯಲ್ಲಿ ಬೇರೆ ಮಾತೇ ಇರಲಿಲ್ಲ.

ನಿಜಕ್ಕೂ ಪರಿಸ್ಥಿತಿ ಹಾಗೆಯೇ ಇತ್ತು. ಗಂಗಾವತಿ ಕಡೆಯ ಮರಳಿಯಲ್ಲಿ ನಾಟಿ ಮುಗಿಯಲಿ ಎಂದರು. ನಾಟಿ ಮುಗಿದ ಮೇಲೆ ಕಳೆ ತೆಗೆಯುವುದಿದೆ ಎಂದರು. ಯಲಬುರ್ಗಾದಲ್ಲಿ ಫೋಟೊ ತೆಗೆಯುತ್ತಾರೆಂದು ಕೇಳಿ ಇಳಕಲ್ ಸೀರೆ ಉಟ್ಟು, ಮುಖಕ್ಕೂ ಎದೆಗೂ ಧಾರಾಳವಾಗಿ ಪೌಡರ್ ಬಳಿದುಕೊಂಡು ಬಂದರು. ಪೌಡರಿನ ಕಣ ಚಿತ್ರದಲ್ಲಿ ಚುಕ್ಕೆಯಾಗಿ ಬೀಳುತ್ತದೆ, ಒರೆಸಿಕೊಳ್ಳಿ ಎಂದರೆ ಮುಖ ಊದಿಸಿದರು. ಅದಾದರೂ ಆಗಲಿ, ಒಳಗೆ ಆಸ್ಪತ್ರೆಯ ಹಸಿರು ಗೌನು ಕೈಗೆ ಕೊಟ್ಟ ಕೂಡಲೇ ಅರ್ಧ ಜನ ಮೆಟ್ಟಿಲಿಳಿದು ಹೋದರು. ಹಿಂದೆ ಬಿಗಿದರೆ ಮುಂದೆ ಸಡಿಲ, ಮುಂದೆ ಹಿಡಿದರೆ ಹೆಗಲು ಜಾರುವುದು. ಹಾಕಿಕೊಂಡವರಿಗೆ ಎರಡು ಕೈ ಸಾಲದು. ನೋವಿಲ್ಲ, ಬೇನೆಯಿಲ್ಲ, ಈ ಬಟ್ಟೆಯಲ್ಲಿ ಯಾಕೆ ನಿಲ್ಲಬೇಕು ಎಂದು ಅವರು ಕೇಳಿದರೆ ನನ್ನ ಬಳಿ ಉತ್ತರವಿತ್ತು, ಅವರ ಬಳಿ ವ್ಯವಧಾನವಿರಲಿಲ್ಲ.

ಆ ಗೌನನ್ನು ತಂದು ತೋರಿಸು ಎಂದರು ಜಂಪರಕ್ಕ. ಒಯ್ದು ಕೊಟ್ಟೆ. ಗೋಡೆಯ ಮೊಳೆಗೆ ನೇತುಹಾಕಿ ದೂರ ನಿಂತು ನೋಡಿದರು. ಇದನ್ನು ಹೊಲಿದವನು ಗಂಡಸು, ಅದೂ ಗೋಧಿ ಚೀಲ ಹೊಲಿದು ಅಭ್ಯಾಸ ಇದ್ದವನು ಎಂದು ತೀರ್ಪು ಕೊಟ್ಟರು. ಮರುದಿನ ಅಂಗಡಿಗೆ ಬೀಗ ಹಾಕಿ ಗಾಡಿ ಹತ್ತಿದರು. ಮೊದಲು ತಮ್ಮದೇ ಪರೀಕ್ಷೆ ಮಾಡಿಸಿಕೊಂಡರು. ಯಂತ್ರದ ಎರಡು ಹಲಗೆಗಳ ನಡುವೆ ಎದೆಯನ್ನು ಒತ್ತಿ ಹಿಡಿಯುವಾಗ ಹಲ್ಲು ಕಚ್ಚಿದರೇ ಹೊರತು ಹಾಂ ಹೂಂ ಅನ್ನಲಿಲ್ಲ. ಮುಗಿದ ಮೇಲೆ ಕೇಳಿದ್ದು ಒಂದೇ: ಒಂದು ಸಲಕ್ಕೆ ಒಂದೇ ಕಡೆ ನೋಡುವುದಾದರೆ ಎರಡೂ ಕಡೆ ಬಿಚ್ಚಿ ನಿಲ್ಲಿಸುವುದು ಯಾಕೆ?

ಯಾಕೆ ಎಂದು ನಮಗೂ ಗೊತ್ತಿರಲಿಲ್ಲ. ಗೌನು ಹಾಗೆ ಇತ್ತು, ಅದಕ್ಕೆ.

ಆ ವಾರದಲ್ಲಿ ಅವರು ಹೊಲಿದದ್ದೇ ಕಸೆ ಜಂಪರ್. ಹಳೆಯ ಕಾಲದ ಅಜ್ಜಿಯರು ಮುಂದೆ ಗಂಟು ಕಟ್ಟುವ ಕುಪ್ಪಸ ತೊಡುತ್ತಿದ್ದರಲ್ಲ, ಅದರದೇ ಧಾಟಿ. ಮುಂಭಾಗ ಎರಡು ಬೇರೆ ಬೇರೆ ಪದರ; ಬಲಕ್ಕೊಂದು ಕಸೆ, ಎಡಕ್ಕೊಂದು ಕಸೆ. ಬಲಗಡೆಯ ದಾರ ಬಿಚ್ಚಿದರೆ ಬಲಗಡೆಯಷ್ಟೇ ತೆರೆಯುತ್ತದೆ, ಎಡಗಡೆ ಮುಚ್ಚಿಯೇ ಇರುತ್ತದೆ. ಗುಂಡಿಯಿಲ್ಲ, ಹುಕ್ಕಿಲ್ಲ. ತೆಳು ಹತ್ತಿ ಬಟ್ಟೆ, ಅಂಚಿಗೆ ಖಣದ ಕೆಂಪು ಪಟ್ಟಿ. ಪಟ್ಟಿ ಏಕೆ ಎಂದು ಡಾಕ್ಟರು ಕೇಳಿದ್ದಕ್ಕೆ, ಹೆಂಗಸು ರೋಗಕ್ಕೆ ಹೆದರುವುದಕ್ಕಿಂತ ರೋಗಿಯಂತೆ ಕಾಣುವುದಕ್ಕೆ ಹೆಚ್ಚು ಹೆದರುತ್ತಾಳೆ ಎಂದರು.

ಮೊದಲ ಪ್ರಯೋಗ ಅವರ ತವರೂರು ನವಲಿಯಲ್ಲಿ. ಜಂಪರಕ್ಕ ಬರುತ್ತಾಳೆ, ಸಾಲೆಯ ಹತ್ತಿರ ಗಾಡಿ ನಿಲ್ಲುತ್ತದೆ, ಎಲ್ಲರೂ ಬನ್ನಿ ಎಂದು ಮುಂಚಿನ ದಿನವೇ ಹೇಳಿ ಕಳಿಸಿದ್ದರು. ನಾವು ಬೆಳಿಗ್ಗೆಯಿಂದ ಕಾದೆವು. ಹೊತ್ತೇರಿದ ಮೇಲೆ ಒಬ್ಬ ಮುದುಕಿ ತಲೆಯ ಮೇಲೆ ಒಂದು ಗಂಟು ಹೊತ್ತು ಬಂದು, ನಮ್ಮೆದುರು ಇಳಿಸಿ, ಉಸ್ಸೆಂದು ಕೂತಳು. ಬಿಚ್ಚಿದರೆ ಬಣ್ಣಬಣ್ಣದ ಅಳತೆ ಜಂಪರುಗಳು. ಊರ ಹೆಂಗಸರೆಲ್ಲ ನಾಟಿಗೆ ಹೋಗಿದ್ದರು. ಜಂಪರಕ್ಕ ಕರೆದಿದ್ದಾಳೆ ಎಂದ ಮೇಲೆ ಅಳತೆಗೇ ಕರೆದಿರಬೇಕೆಂದು ತಿಳಿದು, ತಾವು ಬರುವ ಬದಲು ಜಂಪರುಗಳನ್ನು ಕಳಿಸಿಕೊಟ್ಟಿದ್ದರು. ನರ್ಸು ಗಾಡಿಯ ಹಿಂದೆ ಹೋಗಿ ನಕ್ಕಳು. ನಾನು ಎದುರಿಗೇ ನಕ್ಕೆ. ಡಾಕ್ಟರು ಒಂದು ಜಂಪರನ್ನು ಹಿಡಿದು, ಇದನ್ನು ಯಂತ್ರದಲ್ಲಿ ಇಟ್ಟರೆ ಚಿತ್ರ ಚೆನ್ನಾಗಿ ಬರಬಹುದು ಎಂದರು.

ಜಂಪರಕ್ಕ ನಗಲಿಲ್ಲ. ಗಂಟನ್ನು ಕಟ್ಟಿ ಕಂಕುಳಿಗೇರಿಸಿ ನೇರ ಗದ್ದೆಯ ಕಡೆ ನಡೆದರು. ನಾನು ಹಿಂದೆ ಓಡಿದೆ. ಬದುವಿನ ಮೇಲೆ ನಿಂತು ಒಂದೊಂದೇ ಜಂಪರನ್ನು ಬಾವುಟದಂತೆ ಎತ್ತಿ ಹಿಡಿದು ಇದು ಯಾರದು, ಇದು ಯಾರದು ಎಂದು ಕೂಗತೊಡಗಿದರು. ಕೆಸರಲ್ಲಿ ಬಗ್ಗಿದ್ದವರು ಒಬ್ಬೊಬ್ಬರೇ ಎದ್ದು ನಿಂತರು. ನಾಚಿಕೆಯಿಂದ ಕೆಲವರು ಮತ್ತೆ ಬಗ್ಗಿದರು. ಆಚೆ ಬದುವಿನಲ್ಲಿ ಗೊಬ್ಬರ ಇಳಿಸುತ್ತಿದ್ದ ಗಂಡಸರಿಗೆ ಆ ಕಡೆ ಮುಖ ಮಾಡಿ ನಿಲ್ಲಲು ಹೇಳಿ, ಗಂಟನ್ನೆಲ್ಲ ಬದುವಿನ ಮೇಲೆ ಸುರಿದರು.

"ಈ ಜಂಪರಿಗೇನು ರೋಗ ಬರೂದಿಲ್ರವಾ. ಇದರೊಳಗ ಇರಾಕಿಗೆ ಬರತೈತಿ. ಆಕಿನ್ನ ಕಳಸ್ರಿ."

ನಾಟಿಯ ಗುಂಪಿನಲ್ಲಿ ಒಬ್ಬಳು ನಕ್ಕಳು, ಆಮೇಲೆ ಗದ್ದೆಗೆ ಗದ್ದೆಯೇ ನಕ್ಕಿತು. ಆ ಮಡಿಯ ನಾಟಿ ಮುಗಿಸಿ, ಕೆಸರುಗಾಲಲ್ಲೇ ಬಂದರು. ಕಸೆ ಜಂಪರ್ ತೊಟ್ಟವರು ಕೆಂಪು ಪಟ್ಟಿಯನ್ನು ಮುಟ್ಟಿ ನೋಡಿದರು. ಒಳಗೆ ನಾನು ಬೆನ್ನು ನೆಟ್ಟಗೆ ಮಾಡಿ ಎನ್ನುವ ಮೊದಲೇ ಗಾಡಿಯ ಹೊರಗಿನಿಂದ ಆ ದನಿ ಕೇಳುತ್ತಿತ್ತು, ನೆಟ್ಟಗ ನಿಂದ್ರು. ಆ ದಿನ ತೊಡುವ ಬಟ್ಟೆ ಕಂಡು ಮೆಟ್ಟಿಲಿಳಿದು ಹೋದವಳು ಒಬ್ಬಳೂ ಇಲ್ಲ. ಕೊಪ್ಪಳಕ್ಕೆ ವಾಪಸಾಗುವಾಗ ಗಾಡಿಯಲ್ಲಿ ನಾನು ಹಾಡಿದೆ ಎಂದು ನರ್ಸು ಈಗಲೂ ಹೇಳುತ್ತಾಳೆ. ನನಗೆ ನೆನಪಿಲ್ಲ, ಆದರೆ ಹಾಡಿರಬಹುದು, ಅಷ್ಟು ಸಂತೋಷವಾಗಿತ್ತು.

ಅಲ್ಲಿಂದ ಮುಂದೆ ಅಂಗಡಿಯಲ್ಲಿ ಹೊಸ ಕಾನೂನು ಬಂತು. ಲಗ್ನದ ಜಂಪರ್ ಹೊಲಿಸಬೇಕೆಂದರೆ ಮನೆಯ ದೊಡ್ಡ ಹೆಂಗಸರು ಮೊದಲು ಗಾಡಿ ಹತ್ತಿ ಬರಬೇಕು. ಕುಷ್ಟಗಿಯಲ್ಲಿ ಬೇರೆ ಟೇಲರುಗಳಿಲ್ಲವೇ? ಬೇಕಾದಷ್ಟು. ಆದರೆ ಮದುಮಗಳ ಜಂಪರ್ ಇವರೇ ಹೊಲಿಯಬೇಕು ಎಂಬ ಹುಚ್ಚು ಸುತ್ತಲಿನ ಹಳ್ಳಿಗಳಿಗೆಲ್ಲ ಇತ್ತು, ಅದು ಇವರಿಗೆ ಚೆನ್ನಾಗಿ ಗೊತ್ತೂ ಇತ್ತು.

ನೀಲವ್ವ ಬಂದದ್ದು ಹಾಗೆ. ಕುಷ್ಟಗಿಯಿಂದಾಚೆ ಒಂದು ಹಳ್ಳಿಯಲ್ಲಿ ಅವರದು ದಾಳಿಂಬೆ ತೋಟ. ಒಬ್ಬಳೇ ಮಗಳು, ರೇಣುಕಾ. ಯಲಬುರ್ಗಾದ ಕಡೆ ಲಗ್ನ ಗೊತ್ತಾಗಿತ್ತು. ದೀಪಾವಳಿಗೆ ಮಾತು ಮುಗಿದು, ಮುಂದಿನ ಬೇಸಿಗೆಗೆ ಲಗ್ನದ ಅಕ್ಕಿಕಾಳು. ಧಾರೆ ಸೀರೆ ಮೊದಲೇ ತಂದು ಜಂಪರಕ್ಕನ ಕೈಗಿಟ್ಟಿದ್ದರು. ನೀಲವ್ವ ನಗುನಗುತ್ತಲೇ ಗಾಡಿ ಹತ್ತಿದಳು. ನಲವತ್ತರ ಆಸುಪಾಸು, ಗಟ್ಟಿಮುಟ್ಟು ಮೈ. ಚಿತ್ರ ತೆಗೆದವಳು ನಾನೇ. ಎಡಗಡೆಯದರಲ್ಲಿ ಇರಬಾರದ್ದು ಇತ್ತು. ಡಾಕ್ಟರು ಹುಬ್ಬಳ್ಳಿಗೆ ಕಳಿಸಿದರು, ಅಲ್ಲಿ ಸೂಜಿ ಹಾಕಿ ನೋಡಿದರು, ಕ್ಯಾನ್ಸರ್ ಹೌದೆಂದರು. ಚಿಕ್ಕದಿದೆ, ಎಲ್ಲಿಯೂ ಹಬ್ಬಿಲ್ಲ, ಈಗಲೇ ತೆಗೆದರೆ ಗುಣವಾಗುತ್ತದೆ, ತಡ ಮಾಡಬೇಡಿ ಎಂದೂ ಹೇಳಿದರು.

ತಡ ಮಾಡುವುದೆಂದೇ ಮನೆಯಲ್ಲಿ ನಿರ್ಧಾರವಾಯಿತು. ಲಗ್ನ ಮುಗಿಯಲಿ, ಆಮೇಲೆ ನೋಡೋಣ. ಈ ಆಮೇಲೆ ಎಂಬ ಮಾತು ಕೇಳಿದರೆ ಇವತ್ತಿಗೂ ನನಗೆ ಸಿಟ್ಟು ನೆತ್ತಿಗೇರುತ್ತದೆ. ಆಮೇಲೆ ಬಂದವರ ಚಿತ್ರಗಳನ್ನೂ ನಾನು ತೆಗೆದಿದ್ದೇನೆ.

ನೀಲವ್ವ ಮಗಳ ಜಂಪರ್ ಒಯ್ಯಲು ಅಂಗಡಿಗೆ ಬಂದಳು. ಅವತ್ತು ಗಾಡಿ ಕುಷ್ಟಗಿಯಲ್ಲೇ ಇದ್ದುದರಿಂದ ನಾನೂ ಅಲ್ಲಿ ಕೂತಿದ್ದೆ. ಆಪರೇಷನ್ ಲಗ್ನದ ಮೇಲೆ, ಅಲ್ಲಿಯ ತನಕ ಯಾರಿಗೂ ಹೇಳಬೇಡಿರಿ, ತನಗೇನೂ ನೋವಿಲ್ಲ ಎಂದು ನನ್ನ ಕಡೆ ನೋಡದೆಯೇ ಹೇಳಿದಳು. ಜಂಪರಕ್ಕ ಹೊಲಿದು ಮುಗಿಸಿದ ಜಂಪರನ್ನು ಮಡಿಸಿ, ಟ್ರಂಕಿನೊಳಗಿಟ್ಟು, ಕೀಲಿ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಆಪರೇಷನ್ ಮಾಡಿಸಿಕೊಂಡು ಬಾ. ಕೊಡ್ತೀನಿ."

ತಮಾಷೆ ಎಂದುಕೊಂಡಳು ನೀಲವ್ವ. ತಮಾಷೆಯಾಗಿರಲಿಲ್ಲ. ಆ ಜಂಪರಿನ ಬಟ್ಟೆ ಧಾರೆ ಸೀರೆಯದೇ ತುಂಡು; ಅಂಥದ್ದು ಇನ್ನೊಂದು ಪೇಟೆಯಲ್ಲಿ ಸಿಗುವುದಿಲ್ಲ. ಮೊದಲು ಗಂಡ ಬಂದ. ಆಮೇಲೆ ಊರ ಹಿರಿಯರಿಬ್ಬರನ್ನು ಕರೆದುಕೊಂಡು ಬಂದ. ಅವರು ಮಾತು ಶುರು ಮಾಡಿದ ಕೂಡಲೇ ಇವರು ಮಷೀನು ತುಳಿಯಲು ಶುರು ಮಾಡುವರು. ಅವರು ನಿಲ್ಲಿಸಿದರೆ ಇವರೂ ನಿಲ್ಲಿಸುವರು. ಪರರ ಬಟ್ಟೆ ಬಚ್ಚಿಡುವುದು ನ್ಯಾಯವೇ ಎಂದು ಹಿರಿಯರು ಕೇಳಿದ್ದಕ್ಕೆ, ನ್ಯಾಯವಲ್ಲ ಎಂದು ಒಪ್ಪಿಕೊಂಡು ಮತ್ತೆ ತುಳಿದರು. ಊರಲ್ಲಿ ಬಾಯಿಗೆ ಬಂದಂತೆ ಆಡಿಕೊಂಡರು. ಮಕ್ಕಳಿಲ್ಲದವಳಿಗೆ ಲಗ್ನದ ಕಷ್ಟ ಏನು ಗೊತ್ತು ಎಂದದ್ದು ಇವರ ಕಿವಿಗೂ ಬಿತ್ತು. ಅವತ್ತು ಮಾತ್ರ ಅವರು ಮಷೀನು ತುಳಿಯಲಿಲ್ಲ.

ಕೊನೆಗೆ ನೀಲವ್ವನ ಅತ್ತೆಯೇ ಬಂದಳು. ಮನೆಯ ಯಜಮಾನಿಕೆಯೆಲ್ಲ ಆಕೆಯದೇ. ಹೊಸ್ತಿಲು ದಾಟಿ ಬಂದು ಸ್ಟೂಲಿನ ಮೇಲೆ ಕೂತವಳು, ಜಂಪರ್ ಸಿಗದೆ ಏಳುವುದಿಲ್ಲ ಎಂದಳು. ಜಂಪರಕ್ಕನನ್ನು ನೋಡಲು ಬಂದಿದ್ದ ನಾನು ಮೂಲೆಯಲ್ಲಿ ಗುಂಡಿ ಡಬ್ಬಿ ಹಿಡಿದು ಕೂತುಬಿಟ್ಟೆ. ಆಕೆಯ ಮಾತಿನಲ್ಲಿ ಜೋರಿತ್ತು, ಜೋರಿನ ಒಳಗೆ ಹೆದರಿಕೆ ಇತ್ತು.

"ಬೀಗರಿಗೆ ಗೊತ್ತಾದ್ರ ಲಗ್ನ ಮುರೀತೈತಿ. ತಾಯಿಗಿದ್ದದ್ದು ಮಗಳಿಗೂ ಬರತೈತಿ ಅಂತಾರ. ಹುಡುಗಿನ್ನ ಮನ್ಯಾಗ ಇಟ್ಕೊಂಡು ಕುಂಡ್ರೂಣೇನು?"

ಅದು ಸುಳ್ಳು ಭಯ ಎಂದು ನಾನು ಹೇಳಲಾರೆ. ಅಂಥ ಕಾರಣಕ್ಕೆ ಮುರಿದ ಮಾತುಗಳು ನಮ್ಮ ಕಡೆ ಇವೆ. ಜಂಪರಕ್ಕ ಮಷೀನಿನ ಚಕ್ರಕ್ಕೆ ಕೈಯಿಟ್ಟು ನಿಲ್ಲಿಸಿದರು. ತುಟಿಯಿಂದ ಟಾಚಣಿಗಳನ್ನು ಒಂದೊಂದಾಗಿ ತೆಗೆದು ದಿಂಬಿಗೆ ಚುಚ್ಚಿದರು.

"ಲಗ್ನ ಊರ ಮಂದಿ ಕೂಡಿ ಮಾಡ್ತಾರ್ರಿ ಯಕ್ಕಾ. ತಾಯಿ ಇಲ್ಲಂದ್ರ ದೊಡ್ಡವ್ವ ನಿಂದ್ರತಾಳ, ಚಿಗವ್ವ ನಿಂದ್ರತಾಳ. ನಾಳೆ ನಿಮ್ಮ ಮೊಮ್ಮಗಳ ಕುಬಸ ಯಾರು ಮಾಡಬೇಕ್ರಿ?"

ಚೊಚ್ಚಲ ಬಸುರಿಗೆ ತವರಿನವರು ಹಸಿರು ಸೀರೆ, ಹಸಿರು ಕುಪ್ಪಸ, ಹಸಿರು ಬಳೆ ತಂದು ತೊಡಿಸಿ ಉಡಿ ತುಂಬುವುದಕ್ಕೆ ನಮ್ಮಲ್ಲಿ ಕುಬಸ ಎನ್ನುತ್ತೇವೆ. ತಾಯಿಯೇ ಮಾಡಬೇಕೆಂದು ಶಾಸ್ತ್ರವೇನಿಲ್ಲ. ಆದರೆ ತಾಯಿಯ ಕೈ ಬಿಟ್ಟು ಬೇರೆ ಕೈ ಸೀರೆ ಉಡಿಸುವಾಗ ಬಸುರಿಯ ಕಣ್ಣು ಬಾಗಿಲ ಕಡೆಗೇ ಇರುವುದನ್ನು ಕಂಡವರು ಕಂಡಿದ್ದಾರೆ.

ಅತ್ತೆ ಬೀದಿಯ ಕಡೆ ಮುಖ ತಿರುಗಿಸಿದಳು. ಹೊರಗೆ ಬಸ್ಸುಗಳು ಬಂದವು, ಹೋದವು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ, ಯಾರಿಗೆ ಹೇಳುತ್ತಿದ್ದಾಳೆಂದು ತಿಳಿಯದ ಹಾಗೆ ಹೇಳಿದಳು:

"ನನ್ನ ಕುಬಸ ಅಣ್ಣನ ಹೆಂಡ್ತಿ ಮಾಡಿದ್ಲು. ಸೀರಿ ಉಡಸೂವಾಗ ನನ್ನ ಮಾರಿ ಸೈತ ನೋಡ್ಲಿಲ್ಲ."

ಆ ಮುದುಕಿ ಎದ್ದು, ಸೆರಗು ಸರಿ ಮಾಡಿಕೊಂಡಳು.

"ಹುಬ್ಬಳ್ಳಿ ಬಸ್ ಎಷ್ಟೊತ್ತಿಗೆ ಐತಿ?"

ಬಸ್ಸಿನ ಹೊತ್ತು ಹೇಳಿದರು. ಜಂಪರ್ ಮಾತ್ರ ಆಗಲೂ ಕೊಡಲಿಲ್ಲ. ಅತ್ತೆ ಸೊಸೆಯನ್ನು ಕರೆದುಕೊಂಡು ತಾನೇ ಹುಬ್ಬಳ್ಳಿಗೆ ಹೋದಳು, ಆಸ್ಪತ್ರೆಯ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದಳು. ಎಡ ಎದೆಯನ್ನು ತೆಗೆದರು. ಆಮೇಲಿನ ಔಷಧಿಗೆ ಕೂದಲು ಉದುರಿತು. ನೀಲವ್ವ ಬಹಳ ನರಳಿದಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಬೇಸಿಗೆ ಬರುವಷ್ಟರಲ್ಲಿ ಡಾಕ್ಟರು ಬಾಯಿ ತುಂಬ ನಕ್ಕು ಮಾತಾಡಿದರು. ಅವರ ನಗುವನ್ನು ನಾನು ಬಲ್ಲೆ, ಸುಮ್ಮನೆ ನಗುವವರಲ್ಲ.

ಇನ್ನು ಬೀಗರ ಸಂಗತಿ. ಚಳಿಗಾಲದಲ್ಲಿ ಯಲಬುರ್ಗಾಕ್ಕೆ ಗಾಡಿ ಒಯ್ದಿದ್ದೆವು. ಜರತಾರಿ ಸೀರೆಯ ಒಬ್ಬ ಹೆಣ್ಣುಮಗಳು ಮೆಟ್ಟಿಲು ಹತ್ತಿ ಬಂದು, ತಾನು ನೀಲವ್ವನ ಬೀಗತಿ ಎಂದಳು. ಆಕೆಯೇ ಹೇಳಿದಳು: ನೀಲವ್ವನ ಅತ್ತೆ ಹುಬ್ಬಳ್ಳಿಯಿಂದ ವಾಪಸಾಗುವಾಗ ನೇರ ಈ ಬೀಗರ ಮನೆಗೇ ಇಳಿದು, ಪಡಸಾಲೆಯಲ್ಲಿ ಕೂತು, ನಾಳೆ ತಿಳಿಯುವುದು ಇವತ್ತೇ ತಿಳಿಯಲಿ ಎಂದು ಎಲ್ಲವನ್ನೂ ಹೇಳಿ, ಚಹಾ ಕುಡಿದು ಎದ್ದಳಂತೆ.

"ಮುಚ್ಚಿಟ್ಟಿದ್ರ ಸಿಟ್ಟು ಬರತಿತ್ತು ನೋಡ್ರಿ. ಆಕಿ ಹೇಳಿ ಹೋದ ಮ್ಯಾಲ ನನಗ ನಂದ ಅಂಜಿಕಿ ಹತ್ತಿತು. ನಂದೂ ತೆಗೀರಿ."

ಆಕೆಯದು ತಿಳಿನೀರಿನಂಥ ಚಿತ್ರ. ಸಂಜೆ ಫೋನಿನಲ್ಲಿ ಜಂಪರಕ್ಕನಿಗೆ ಸುದ್ದಿ ಕೊಟ್ಟೆ. ಟಾಚಣಿ ಕಚ್ಚಿಕೊಂಡೇ ಹೂಂ ಎಂದರು. ಆಮೇಲೆ, ಆ ಬೀಗತಿ ಉಟ್ಟ ಸೀರೆಯ ಮೇಲಿನ ಜಂಪರ್ ಯಾರು ಹೊಲಿದದ್ದು, ಹೇಗೆ ಕೂತಿತ್ತು ಎಂದು ವಿಚಾರಿಸಿದರು. ಚೆನ್ನಾಗಿಯೇ ಇತ್ತು ಎಂದೆ. ಅವರಿಗೆ ಹಿಡಿಸಲಿಲ್ಲ.

ಲಗ್ನಕ್ಕೆ ಮುಂಚೆ ಟ್ರಂಕಿನ ಕೀಲಿ ತೆಗೆದರು. ಮದುಮಗಳ ಜಂಪರಿನ ಜೊತೆ ಇನ್ನೊಂದು ಬಂತು, ನೀಲವ್ವನದು. ಅದಕ್ಕಾಗಿ ಅವರು ಪಟ್ಟ ಪಾಡು ನನಗೆ ಗೊತ್ತು. ಎಡಗಡೆ ಒಳಗೆ ಅರಳೆಯ ಚೀಲ ಹೊಲಿದರೆ ಹಗುರಾಗಿ ಮೇಲಕ್ಕೇರುತ್ತಿತ್ತು. ಸಾಸಿವೆ ತುಂಬಿ ನೋಡಿದರು, ಒಂದೇ ಮೂಲೆಗೆ ಜಾರಿತು. ಕೊನೆಗೆ ಹುರಿದು ಆರಿಸಿದ ನವಣೆ ತುಂಬಿ, ಚೀಲದೊಳಗೆ ಸಣ್ಣ ಸಣ್ಣ ಮನೆ ಮಾಡಿ ಹೊಲಿದರು. ಅದು ಕೂತಿತು. ತೂಕವೂ ಸರಿ, ನಡೆದರೆ ಅಲುಗುವುದೂ ಸರಿ. ನೀಲವ್ವನಿಗೆ ತೊಡಿಸಿ, ಕನ್ನಡಿಯ ಮುಂದೆ ಒಯ್ದರು. ಆಕೆ ಮುದುಡಿಕೊಂಡೇ ನಿಂತಳು. ಆಪರೇಷನ್ ಆದಾಗಿನಿಂದ ಆಕೆಗೆ ಹಾಗೆ ನಿಲ್ಲುವುದು ರೂಢಿಯಾಗಿತ್ತು. ಏಟು ಬಿತ್ತು. ಗಾಯದ ಕಡೆಯಲ್ಲ, ಬಲಗಡೆ. ಮೆಲ್ಲಗೆ ಬಿತ್ತು, ಆದರೆ ಬಿತ್ತು. ನೀಲವ್ವ ನೆಟ್ಟಗೆ ನಿಂತು ಕನ್ನಡಿ ನೋಡಿದಳು. ಬಹಳ ಹೊತ್ತು ನೋಡಿದಳು. ನಾನು ಹೊರಗೆ ಹೋಗಿ ಅತ್ತು ಬಂದೆ.

ಲಗ್ನದಲ್ಲಿ ಹೆಂಗಸರ ಕಣ್ಣೆಲ್ಲ ನೀಲವ್ವನ ಮೇಲೆ. ಎಡವೋ ಬಲವೋ ಎಂದು ಕಣ್ಣಲ್ಲೇ ಅಳೆದರು, ಅಳೆದು ಸೋತರು. ತಲೆಯ ತುಂಬ ಸೆರಗು ಹೊದ್ದು, ಪಂಕ್ತಿಯಿಂದ ಪಂಕ್ತಿಗೆ ಓಡಾಡಿ ಉಪಚಾರ ಹೇಳುತ್ತಿದ್ದಳು ಆಕೆ. ಜಂಪರಕ್ಕ ಮುಂದಿನ ಸಾಲಿನಲ್ಲಿ ಎಲೆ ಅಡಿಕೆ ಜಗಿಯುತ್ತ ಕೂತು, ಸೋತವರ ಮುಖಗಳನ್ನು ನೋಡಿ ಆನಂದಪಡುತ್ತಿದ್ದರು. ಗುಟ್ಟು ಬಿಟ್ಟುಕೊಡಲಿಲ್ಲ. ಆ ಹೊತ್ತಿಗೆ ಗಾಡಿಗೆ ಜನ ಹುಡುಕುವ ಕೆಲಸ ನಮಗೆ ಇರಲಿಲ್ಲ. ಊರುಗಳೇ ನಮ್ಮನ್ನು ಕರೆಯುತ್ತಿದ್ದವು. ಕಸೆ ಜಂಪರನ್ನು ಗಂಗಾವತಿಯಲ್ಲಿ ಒಬ್ಬಳು ಹೊಲಿದು ಕೊಡತೊಡಗಿದಳು. ಕೈತೋಳು ಸರಿಯಿಲ್ಲ ಎಂದು ಇವರು ಅದನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು.

ಕುಬಸ ಆದದ್ದು ಹೋದ ಚಳಿಗಾಲದಲ್ಲಿ, ಯಲಬುರ್ಗಾದ ಬೀಗರ ಮನೆಯಲ್ಲಿ. ಅಷ್ಟರಲ್ಲಿ ಜಂಪರಕ್ಕನಿಗೆ ಕಣ್ಣು ಮಂಜಾಗಿತ್ತು. ಊರೆಲ್ಲರ ಬೆನ್ನು ತಿದ್ದಿದವರ ಬೆನ್ನೇ ಬಾಗಿತ್ತು. ಅಂಗಡಿ ಮುಚ್ಚುವೆನೆಂದು ಹೇಳಿ ಆಗಿತ್ತು. ಆದರೂ ರೇಣುಕಾಳ ಹಸಿರು ಜಂಪರ್ ತಾವೇ ಹೊಲಿದರು. ಸೂಜಿಗೆ ದಾರ ಪೋಣಿಸಿಕೊಟ್ಟವಳು ನಾನು. ಬಸುರಿಯ ಅಳತೆಗೂ ಹುಡುಗಿಯನ್ನೇ ಕರೆಸಿದ್ದರು, ಜಂಪರ್ ಕಳಿಸಿದರೆ ಒಪ್ಪಲಿಲ್ಲ.

ನೀಲವ್ವ ಮಗಳಿಗೆ ತನ್ನ ಕೈಯಾರೆ ಹಸಿರು ಸೀರೆ ಉಡಿಸಿದಳು. ನೆರಿಗೆ ಹಿಡಿಯುತ್ತ ಮಗಳ ಮುಖ ನೋಡುತ್ತಲೇ ಇದ್ದಳು. ನೆರಿಗೆ ತಪ್ಪಿ ಮತ್ತೆ ಹಿಡಿದಳು. ಉಡಿಗೆ ಅಕ್ಕಿ, ಕೊಬ್ಬರಿ, ಉತ್ತುತ್ತಿ ಹಾಕಿದಳು. ಬಾಗಿಲ ಬಳಿ ಕೂತಿದ್ದ ಆ ಹಿರಿಯ ಅತ್ತೆ ಒಂದು ಕ್ಷಣವೂ ಕಣ್ಣು ತೆಗೆಯದೆ ಇದನ್ನೇ ನೋಡುತ್ತಿದ್ದಳು. ರೇಣುಕಾ ಬಾಗಿಲ ಕಡೆ ನೋಡಲಿಲ್ಲ. ನೋಡುವ ಅಗತ್ಯವೇ ಇರಲಿಲ್ಲ.

ಆಮೇಲೆ ಫೋಟೊ ಎಂದರು. ಮೂಲೆಯ ಕುರ್ಚಿಯಲ್ಲಿ ಕೂತಿದ್ದ ಜಂಪರಕ್ಕನನ್ನು ನೀಲವ್ವ ಕೈಹಿಡಿದು ಎಬ್ಬಿಸಿ ತಂದು ತನಗೂ ಮಗಳಿಗೂ ನಡುವೆ ನಿಲ್ಲಿಸಿಕೊಂಡಳು. ಬೇಡ ಬೇಡ ಎನ್ನುತ್ತ ಅವರು ಬಗ್ಗಿ ನಿಂತರು. ನೀಲವ್ವ ಕೈಯೆತ್ತಿ ಅವರ ಬೆನ್ನಿಗೆ ಒಂದು ಏಟು ಕೊಟ್ಟಳು.

"ನೆಟ್ಟಗ ನಿಂದ್ರಬೇ ಯಕ್ಕಾ. ಬಗ್ಗಿ ನಿಂತ್ರ ಅಳತಿ ತಪ್ಪತೈತಿ."

ಮನೆಯೇ ನಕ್ಕಿತು. ಆ ಫೋಟೊ ಈಗ ನೀಲವ್ವನ ಪಡಸಾಲೆಯಲ್ಲಿದೆ. ತಿಂಗಳ ಹಿಂದೆ ಹೋದಾಗ ಅದರ ಕೆಳಗೆ ಮೊಮ್ಮಗಳ ತೊಟ್ಟಿಲು ತೂಗುತ್ತ ನೀಲವ್ವ ಕೂತಿದ್ದಳು. ಫೋಟೊದಲ್ಲಿ ಎಲ್ಲರೂ ಬಾಯಿ ತೆರೆದು ನಗುತ್ತಿದ್ದಾರೆ. ಜಂಪರಕ್ಕ ಒಬ್ಬರೇ ನಗುತ್ತಿಲ್ಲ. ಬಾಗಿದ ಬೆನ್ನನ್ನು ಅದು ಹೇಗೋ ಎತ್ತಿ ನೆಟ್ಟಗೆ ನಿಂತು, ಕ್ಯಾಮೆರಾ ಬಿಟ್ಟು, ನೀಲವ್ವನ ಎಡ ಹೆಗಲಿನ ಹೊಲಿಗೆ ಸರಿಯಾಗಿ ಕೂತಿದೆಯೇ ಎಂದು ನೋಡುತ್ತಿದ್ದಾರೆ.